ದೊರೆಸಾನಿಗೆ ಅರ್ಧ ಮಾತ್ರೆ

ಹನಿ ಬಿತ್ತು, ಇನ್ನೊಂದು ಬಾಟಲಿಯ ಕೊರಳಲ್ಲಿ ಕೂತು ಬೀಳಲೋ ಬೇಡವೋ ಎಂದು ಯೋಚಿಸುತ್ತಿದೆ, ಉಬ್ಬಿತು, ಉದ್ದವಾಯಿತು, ಬಿತ್ತು — ಇವತ್ತು ಯಾಕೆ ಇಷ್ಟು ನಿಧಾನ, ಕಿಟಕಿಯ ಸರಳಿಗೆ ಕಟ್ಟಿದ ಹುರಿ ಇನ್ನೂ ಒಂದು ಗೇಣು ಮೇಲಿರಬೇಕಿತ್ತೇನೋ, ಆದರೆ ಈಗ ಎದ್ದು ಕಟ್ಟುವಂತಿಲ್ಲ, ಮಡಿಲಲ್ಲಿ ದೊರೆಸಾನಿ ಇದ್ದಾಳೆ, ಅವಳ ಹೆಗಲಿನ ತೊಗಲಿನೊಳಗೆ ಸೂಜಿ ಇದೆ, ಸೂಜಿಯ ಬುಡದ ಮೇಲೆ ನನ್ನ ಹೆಬ್ಬೆರಳಿದೆ. ಬೆಕ್ಕಿಗೆ ಆ ಹೆಸರಿಟ್ಟವನು ನಾನೇ. ಕಾಫಿ ಒಣಗಿಸುವ ಕಣದಲ್ಲಿ ಬಾಲ ಎತ್ತಿಕೊಂಡು ಇವಳು ನಡೆದರೆ ಹಳೇ ಕಾಲದ ತೋಟದ ದೊರೆಯ ಹೆಂಡತಿ ಕೊಡೆ ಹಿಡಿದು ಬಂದ ಹಾಗಿತ್ತು, ಹೆಣ್ಣಾಳುಗಳು ಕೈಕೆಲಸ ಬಿಟ್ಟು ದಾರಿ ಕೊಡುತ್ತಿದ್ದರು, ಒಂದು ಸಲ ಚಿರತೆಯೂ ದಾರಿ ಕೊಟ್ಟಿತು, ಮಾದಾಪುರದ ಚಹಾ ಅಂಗಡಿಯಲ್ಲಿ ಹೇಳುವಾಗ ಎರಡು ಚಿರತೆ, ಮದುವೆ ಮನೆಗಳಲ್ಲಿ ಒಂದು ಮರಿಯೂ ಸೇರಿಕೊಳ್ಳುತ್ತದೆ. ತೂಕ ಕೇಳಿದವರಿಗೆ ಹದಿನೈದು ಕೆಜಿ ಎನ್ನುತ್ತಿದ್ದೆ, ಎತ್ತಿಕೊಂಡರೆ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದೆ, ಈಗ ಮಡಿಲಲ್ಲಿರುವುದು ಒದ್ದೆ ಮಾಡಿ ಹಿಂಡಿಟ್ಟ ಟವೆಲ್ಲಿನಷ್ಟು, ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಯ ಮಣಿಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ, ಬಾಯಿಂದ ಕೆಟ್ಟ ವಾಸನೆ, ಹೊರಗಿನಿಂದ ಕಾಫಿ ಹೂವಿನ ಪರಿಮಳ, ಎರಡೂ ಒಂದೇ ಉಸಿರಿನಲ್ಲಿ ಒಳಗೆ ಬರುತ್ತಿವೆ. ಈ ಸಲದ ಹೂವು ನೋಡಿದರೆ ತೋಟಕ್ಕೆ ತೋಟವೇ ಸುಣ್ಣ ಬಳಿದ ಹಾಗಿದೆ. ನನ್ನ ಹೆಂಡತಿ ಸರೋಜ ಲೈನಿಗೆ ಹೋಗಿ ಎಷ್ಟು ಹೊತ್ತಾಯಿತು? ಆಳುಗಳ ಮನೆ ಸಾಲು ಇಲ್ಲಿಂದ ಒಂದು ಕೂಗಿನ ದೂರ, ಹೋಗಿ ಒಣಮೀನಿನ ಡಬ್ಬ ಕೊಟ್ಟು ಬರಲು ಕಾಲು ಗಂಟೆ ಸಾಕು, ಹೆಣ್ಣಾಳು ಮುದ್ದಿ ಕೂರಿಸಿಕೊಂಡಿದ್ದಾಳೆ, ಮುದ್ದಿ ಮಾತಿಗೆ ಶುರು ಮಾಡಿದರೆ ನಿಲ್ಲಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ, ಮುದ್ದಿ ಹೇಳಿಬಿಡುತ್ತಾಳೆ.

ಹೇಳಲಿ, ಹೇಳಿದರೆ ಏನಾಗುತ್ತದೆ, ಮೂವತ್ತೊಂದು ವರ್ಷ ಈ ತೋಟದ ರೈಟರ್ ನಾನು, ನನ್ನ ಸುದ್ದಿ ನಾಲ್ಕು ಜನ ಹೇಳುವುದು ಹೊಸದೇನಲ್ಲ. ಹಾಜರಿ ಕರೆಯುವವನು ನಾನು, ಪಿಕಿಂಗ್ ಸಮಯದಲ್ಲಿ ಕೊಯ್ದ ಹಣ್ಣಿನ ಮೂಟೆ ತೂಗಿಸುವವನು ನಾನು, ಗೋಡೆಗೆ ಹೊಡೆದ ಆ ಹಸಿರು ಮಾತ್ರೆ ಡಬ್ಬದ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ, ಜ್ವರಕ್ಕೆ ಇದು, ಹೊಟ್ಟೆನೋವಿಗೆ ಅದು, ಮೈಕೈ ನೋವಿಗೆ ನಡುವೆ ಗೀರು ಇರುವ ಬಿಳಿ ಮಾತ್ರೆ. ಡಾಕ್ಟರು ಓದಿ ಕಲಿತದ್ದನ್ನು ನಾನು ಕೊಟ್ಟು ಕಲಿತೆ, ನನ್ನ ಕೈಯ ಮಾತ್ರೆ ನುಂಗಿ ಎದ್ದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲಿನ ಬಾಲ ಶನಿವಾರಸಂತೆ ಮುಟ್ಟಬೇಕು. ಗಂಡಸಿಗೆ ಒಂದು, ಹೆಂಗಸಿಗೆ ಮುಕ್ಕಾಲು, ಮಕ್ಕಳಿಗೆ ಅರ್ಧ — ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಮುಂಚಿನ ರೈಟರು ನನಗೆ ಹೇಳಿಕೊಟ್ಟದ್ದು, ಅವರಿಗೆ ಅವರ ಮುಂಚಿನವರು. ಹನಿ ಬಿತ್ತು. ನೀರು ತೊಗಲಿನ ಕೆಳಗೆ ಗಡ್ಡೆ ಕಟ್ಟುತ್ತಿದೆ, ಬೆಚ್ಚಗಿದೆ, ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಬೇಕೆಂದು ಡಾಕ್ಟರ್ ಶೋಭಿತಾ ಹೇಳಿದ್ದಾರೆ, ತಣ್ಣಗಿದ್ದರೆ ಅದಕ್ಕೆ ನಡುಕ ಬರ್ತದೆ ಅಂಕಲ್. ಸೋಮವಾರಪೇಟೆಯ ಆ ಹುಡುಗಿ ಡಾಕ್ಟರು, ಕೈಯಲ್ಲಿ ಬಳೆಯಿಲ್ಲ, ಮುಖದಲ್ಲಿ ನಗುವಿಲ್ಲ, ರಕ್ತದ ರಿಪೋರ್ಟು ನೋಡಿ ಕ್ರಿಯಾಟಿನಿನ್ ಏಳು ಇದೆ, ಎರಡರ ಒಳಗೆ ಇರಬೇಕಿತ್ತು ಅಂದರು. ನಾನು ಅಲ್ಲಿಂದಲೇ ಸಂಪಾಜೆಯ ಭಾವನಿಗೆ ಫೋನು ಮಾಡಿ ಹನ್ನೊಂದು ಎಂದೆ. ಏಳಕ್ಕೆ ಯಾರು ಅಯ್ಯೋ ಎನ್ನುತ್ತಾರೆ? ಭಾವ, ಕೊಡಗಿನಲ್ಲೇ ಇಂಥ ನಂಬರು ಇಲ್ಲಿವರೆಗೆ ಬಂದಿಲ್ಲವಂತೆ, ಡಾಕ್ಟ್ರೇ ಕುರ್ಚಿಯಿಂದ ಎದ್ದು ನಿಂತ್ರು. ಹೌದಾ ಮಾರಾಯ, ಬೆಕ್ಕಿಗೂ ಕಿಡ್ನಿ ಉಂಟಾ, ಎಂದ ಭಾವ. ಸರೋಜ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ನಗಲಿಲ್ಲ, ಬಯ್ಯಲೂ ಇಲ್ಲ, ಬೆಕ್ಕಿನ ಬುಟ್ಟಿಯ ಮೇಲೆ ಸೆರಗು ಹೊದಿಸಿದಳು.

ಮುಕ್ಕಾಲು ಪಾಲು ಕಿಡ್ನಿ ಹೋಗಿದೆ, ಹೋದದ್ದು ವಾಪಸ್ ಬರೋದಿಲ್ಲ, ಉಳಿದದ್ದನ್ನ ಎಷ್ಟು ದಿನ ಆಗ್ತದೋ ಅಷ್ಟು ದಿನ ನೋಡ್ಕೊಳ್ಳೋದು, ದಿನಾ ಚರ್ಮದ ಕೆಳಗೆ ನೂರು ಎಂಎಲ್ ಸಲೈನ್ ಕೊಡ್ಬೇಕು, ಕೈ ನಡುಗೋದಿಲ್ವಲ್ಲ ಅಂಕಲ್? ನನ್ನ ಕೈಯಾ! ನಾನು ಕಾಡುಹಂದಿಗೆ ಹೊಲಿಗೆ ಹಾಕಿದವನು ಡಾಕ್ಟ್ರೇ. ಹಾಕಿಲ್ಲ, ಯಾರು ಹಾಕುತ್ತಾರೆ ಕಾಡುಹಂದಿಗೆ. ಆಮೇಲೆ ಅವರು ಪೆನ್ನು ಕೆಳಗಿಟ್ಟು ಕೇಳಿದರು, ಮನೆಯಲ್ಲಿ ಏನಾದ್ರೂ ಔಷಧಿ ಕೊಟ್ಟಿದ್ರಾ, ಮನುಷ್ಯರ ನೋವಿನ ಮಾತ್ರೆ ಏನಾದ್ರೂ, ಕೆಲವು ಮಾತ್ರೆ ಬೆಕ್ಕಿನ ಕಿಡ್ನಿಯನ್ನ ಸುಟ್ಟೇ ಬಿಡ್ತವೆ. ಆಗ ಗೋಡೆಯ ಮೇಲೆ ನಾಯಿಯ ಹಲ್ಲಿನ ಚಿತ್ರ ಇತ್ತು, ಅದನ್ನೇ ನೋಡಿದೆ, ಒಟ್ಟು ಎಷ್ಟು ಹಲ್ಲು ಎಂದು ನೋಡಿದೆ, ಛೆ ಛೆ, ಮೂವತ್ತೊಂದು ವರ್ಷ ಮಾತ್ರೆ ಡಬ್ಬ ನನ್ನ ಕೈಲಿ ಉಂಟು ಡಾಕ್ಟ್ರೇ, ಅಷ್ಟೂ ಗೊತ್ತಿಲ್ವಾ ನಂಗೆ? ಬಾಯಿಂದ ಬಂದುಬಿಟ್ಟಿತು, ನನ್ನ ಬಾಯಿಂದ ಬರುವುದೆಲ್ಲ ಹಾಗೇ ಬರುತ್ತದೆ, ಹಿಂದೆ ತಳ್ಳುವ ಅಭ್ಯಾಸ ನನಗಿಲ್ಲ. ಆ ಹೊತ್ತಿಗೆ ಸರೋಜ ಒಂದು ಹೆಜ್ಜೆ ಮುಂದೆ ಬಂದಳು, ಮೇಡಂ, ನಾನು ದಿನಾ ಒಣಮೀನು ಹಾಕ್ತಿದ್ದೆ ಇದಕ್ಕೆ, ಉಪ್ಪಿನದ್ದು, ತೊಳೀದೆನೇ ಹಾಕ್ತಿದ್ದೆ, ಅದರಿಂದಲಾ? ಡಾಕ್ಟರು, ಉಪ್ಪು ಒಳ್ಳೇದಲ್ಲ ಆಂಟಿ, ಅದೂ ಒಂದು ಸೇರಿರಬಹುದು, ನೀವು ಮನಸ್ಸಿಗೆ ಹಚ್ಕೋಬೇಡಿ ಎಂದರು. ಸರೋಜ ಮನಸ್ಸಿಗೆ ಹಚ್ಚಿಕೊಂಡಳು. ಹನಿ. ಇನ್ನೂ ಅರವತ್ತರ ಗೆರೆ ದಾಟಿಲ್ಲ. ದೊರೆಸಾನಿ ಕಿವಿ ತಿರುಗಿಸಿದಳು, ಹೊರಗೆ ಯಾರೋ ನಡೆದರು, ಸರೋಜಳಲ್ಲ, ಅವಳ ಹೆಜ್ಜೆ ನನಗೆ ಗೊತ್ತಿಲ್ಲವೇ, ಯಾವನೋ ಪಂಪಿನ ಕಡೆ ಹೋದ.

ಅಡುಗೆಮನೆಯಿಂದ ಒಣಮೀನು ಹೋಯಿತು. ಆ ವಾಸನೆಯಿಲ್ಲದೆ ಗಂಜಿ ಇಳಿಯದ ಹೆಂಗಸು ಸರೋಜ, ಈಗ ಮಜ್ಜಿಗೆ ಅನ್ನ ಕಲಸಿಕೊಂಡು ಬಟ್ಟಲನ್ನೇ ನೋಡುತ್ತ ತಿನ್ನುತ್ತಾಳೆ, ಊಟ ಎತ್ತಿಟ್ಟು ಬೆಕ್ಕಿನ ಪಕ್ಕ ನೆಲದ ಮೇಲೆ ಕೂರುತ್ತಾಳೆ, ಎದ್ದು ನೀರಿನ ಬಟ್ಟಲು ತುಂಬುತ್ತಾಳೆ, ಅದು ಕುಡಿದದ್ದೇ ಕುಡಿದದ್ದು, ತುಂಬಿದ್ದೇ ತುಂಬಿದ್ದು. ಒಂದು ದಿನ ನಾನು ಬಚ್ಚಲಲ್ಲಿದ್ದೆ, ಗೋಡೆಯ ಆಚೆಯಿಂದ ಕೇಳಿಸಿತು, ನಾನೇ ನಿನ್ನ ಕೊಂದೆ ಅಲ್ವಾ ಮಗ, ಕೈಯಾರೆ ತಿನ್ಸಿ ತಿನ್ಸಿ ಕೊಂದೆ. ನಾನು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದೆ. ಆಗ ಹೋಗಿ ಹೇಳಬಹುದಿತ್ತು, ಟವೆಲು ಸುತ್ತಿಕೊಂಡೇ ಹೋಗಿ ಹೇಳಬಹುದಿತ್ತು, ಸರೋಜ, ನಿನ್ನ ಮೀನಲ್ಲ, ಜನವರಿಯಲ್ಲಿ ಪಿಕಿಂಗಿನ ಗಲಾಟೆಯಲ್ಲಿ ಇದು ಸ್ಟೋರಿನ ಹೆಂಚಿನ ಮಾಡಿನಿಂದ ಬಿದ್ದು ಕುಂಟುತ್ತಿತ್ತಲ್ಲ, ನೀನು ಸಂಪಾಜೆಗೆ ಅಣ್ಣನ ಮನೆಗೆ ಹೋಗಿದ್ದೆಯಲ್ಲ, ಆಗ ನಾನು ಹಸಿರು ಡಬ್ಬ ತೆಗೆದು ಬಿಳಿ ಮಾತ್ರೆಯನ್ನು ಗೀರಿನ ಮೇಲೆ ಉಗುರಿಟ್ಟು ಮುರಿದೆ. ಬೆಕ್ಕಿಗೆ ಎಷ್ಟು ಎಂದು ಒಂದು ಗಳಿಗೆ ನಿಂತು ಯೋಚಿಸಿದೆ, ಯೋಚಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮಕ್ಕಳಿಗೆ ಅರ್ಧ. ಈ ಮನೆಯಲ್ಲಿ ಬೇರೆ ಮಕ್ಕಳಿಲ್ಲ, ಆ ಅರ್ಧ ಮುರಿಯುವುದು ಬರೀ ಲೈನಿನ ಮಕ್ಕಳಿಗೆ ಆಗಿತ್ತು, ಮೊದಲ ಸಲ ನಮ್ಮದಕ್ಕೆ ಮುರಿದೆ, ಅದರಲ್ಲೊಂದು ಖುಷಿ ಇತ್ತು, ಇದನ್ನು ಯಾರಿಗೆ ಹೇಳಲಿ. ಮೊದಲನೇ ದಿನ ಉಗುಳಿತು. ಎರಡನೇ ದಿನ ಗೋಣಿಯಲ್ಲಿ ಸುತ್ತಿ ದವಡೆ ಅದುಮಿ ಕೊಟ್ಟೆ. ಮೂರನೇ ದಿನ — ಬೇಡ, ಮೂರನೇ ದಿನ ಬೇಡ, ಹನಿ ನೋಡು, ಹನಿ ಬಿತ್ತು.

ಗುಣವಾಯಿತಲ್ಲ! ಅದೇ ತಮಾಷೆ, ಕುಂಟು ಹೋಯಿತು, ವಾರದೊಳಗೆ ನಾಲ್ಕೂ ಕಾಲಿನ ಮೇಲೆ ನಿಂತಿತು, ಅದಕ್ಕೇ ನಾನು ಬಾಯಿ ಬಿಟ್ಟದ್ದು. ಬೆಳಿಗ್ಗೆ ಹಾಜರಿಗೆ ನಿಂತ ಅರವತ್ತು ಜನರ ಮುಂದೆ ಪುಸ್ತಕ ಮಡಚಿ ಹಿಡಿದು ಹೇಳಿದೆ, ಕಾಲು ಮುರಿದು ಜೋತಾಡುತ್ತಿದ್ದ ಬೆಕ್ಕು ಇದು, ಸತ್ತೇಹೋಯಿತು ಎಂದು ಗುಂಡಿ ತೆಗೆಯಲು ಹೋಗಿದ್ದೆ, ಕೊನೆಗೆ ಅರ್ಧ ಮಾತ್ರೆ ಕೊಟ್ಟು ನೋಡಿದೆ, ಕೊಟ್ಟ ಹಾಗೇ ಎದ್ದು ಸ್ಟೋರಿನ ಮಾಡಿಗೆ ಹಾರಿತು! ಬೋಜ ಹಿಂದಿನ ಸಾಲಿನಿಂದ, ರೈಟ್ರೇ, ನಮ್ಮ ಹುಂಜಕ್ಕೆ ನೆಗಡಿ, ಹೊತ್ಕೊಂಡು ಬರ್ಲಾ ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದ್ದಿ ನಗಲಿಲ್ಲ, ಮಂಡಿ ಒತ್ತಿಕೊಳ್ಳುತ್ತ, ಬೆಕ್ಕಿಗೆ ಕೊಟ್ರಲ್ಲ, ಅದ್ರಲ್ಲೇ ಒಂದು ನಂಗೂ ಕೊಡಿ ರೈಟ್ರೇ, ಕೆಲ್ಸ ಮಾಡೋ ಮಾತ್ರೆ ಎಲ್ಲ ಬೆಕ್ಕಿಗಾ? ಎಂದಳು. ಮತ್ತೆ ನಗು. ಅವತ್ತು ಎಷ್ಟು ಎತ್ತರ ಇದ್ದೆ ನಾನು! ಕಣದಿಂದ ನಿಂತು ನೋಡಿದರೆ ಸಮುದ್ರ ಕಾಣುತ್ತಿತ್ತೇನೋ. ಅರವತ್ತು ಜನಕ್ಕೆ ಗೊತ್ತು, ಅವರ ಮನೆಯವರಿಗೆ ಗೊತ್ತು, ಗೊತ್ತಿಲ್ಲದವಳು ಸರೋಜ ಒಬ್ಬಳು. ಅವಳು ಹಿಂದಿರುಗಿ ಬಂದ ಮೇಲೆ ಯಾಕೆ ಹೇಳಲಿಲ್ಲ? ಮಾತ್ರೆ ಡಬ್ಬ ಆಳುಗಳಿಗೆ, ಬೆಕ್ಕಿಗಲ್ಲ ಎಂದು ಗದರಿಸುತ್ತಾಳೆ ಎಂದು, ಅಷ್ಟೇ, ಅಷ್ಟು ಸಣ್ಣ ಕಾರಣ. ಆಮೇಲೆ ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿಯಲು ಶುರು ಮಾಡಿತು.

ಇವತ್ತು ಬೆಳಿಗ್ಗೆ ಅಟ್ಟದಿಂದ ಡಬ್ಬ ಇಳಿಸಿದಳು, ಬಿಸ್ಕತ್ತಿನ ಹಳೇ ಡಬ್ಬ, ಅದರ ತುಂಬ ಒಣಮೀನು. ಬಿಸಾಡ್ಲಿಕ್ಕೆ ಮನಸ್ಸಿಲ್ಲೆ, ಮುದ್ದಿಗೆ ಕೊಟ್ಟು ಬತ್ತೆ, ಇದರ ಮುಖ ನೋಡ್ಲಿಕ್ಕೆ ಆಗುದಿಲ್ಲೆ ನಂಗೆ. ಮುದ್ದಿಗೆ ಬೇಡ ಎಂದೆ ನಾನು. ಯಾಕೆ? ಅವಳಿಗೆ ಬಿಪಿ ಉಂಟು. ಬೋಜನ ಹೆಂಡ್ತಿಗೆ ಕೊಡ್ತೆ. ಅವಳಿಗೂ ಉಂಟು. ಲೈನಿಗೆ ಲೈನೇ ಬಿಪಿಯಾ, ಎಂದು ನನ್ನ ಮುಖ ನೋಡಿದಳು. ಇನ್ನು ಎಷ್ಟು ಜನಕ್ಕೆ ಬಿಪಿ ಬರಿಸಲಿ ನಾನು? ದಿನಾ ಇವಳು ಬೆಕ್ಕಿನ ತಲೆ ಹಿಡಿಯುತ್ತಿದ್ದಳು, ನಾನು ಚುಚ್ಚುತ್ತಿದ್ದೆ, ಇವತ್ತು ನೀವೇ ನೋಡ್ಕೊಳ್ಳಿ, ನಂಗೆ ಅದರ ಕಣ್ಣು ನೋಡ್ಲಿಕ್ಕಾಗುದಿಲ್ಲೆ ಎಂದು ಹೊರಟುಬಿಟ್ಟಳು. ಒಬ್ಬನೇ ಚುಚ್ಚಿದೆ. ದೊರೆಸಾನಿ ಕೊಸರಲಿಲ್ಲ, ಕೊಸರುವಷ್ಟು ಉಳಿದಿಲ್ಲ. ಡಾಕ್ಟರು ನಿನ್ನೆ ಫೋನಿನಲ್ಲಿ, ತಿನ್ನೋದು ನಿಲ್ಲಿಸಿದ್ರೆ ಹೇಳಿ ಅಂಕಲ್, ಆಮೇಲೆ ಎಳೆಯೋದು ಬೇಡ ಎಂದರು. ತಿನ್ನುವುದು ನಿಂತು ಎರಡು ದಿನ ಆಗಿದೆ. ಅದನ್ನೂ ಸರೋಜಳಿಗೆ ಹೇಳಿಲ್ಲ, ಬಟ್ಟಲಿನ ಅನ್ನವನ್ನು ನಾನೇ ಕಾಫಿ ಗಿಡದ ಬುಡಕ್ಕೆ ಹಾಕಿ, ಎಷ್ಟು ತಿಂದಿತು ಗೊತ್ತಾ, ಇನ್ನೂ ಕೇಳಿತು ಎಂದೆ.

ಕಿವಿ ಮತ್ತೆ ತಿರುಗಿತು. ಈಗ ಅವಳದೇ ಹೆಜ್ಜೆ, ನಲ್ಲಿಯ ಹತ್ತಿರ ನಿಂತಿತು, ಕಾಲು ತೊಳೆಯುವ ಸದ್ದು, ತೊಳೆಯುತ್ತಲೇ ಇದ್ದಾಳೆ, ಅಷ್ಟು ಕೊಳೆ ಎಲ್ಲಿಂದ, ಬಾಗಿಲಲ್ಲಿ ನೆರಳು, ಕೈಯಲ್ಲಿ ಡಬ್ಬವಿಲ್ಲ. ಬಂದು ಎದುರಿಗೆ ಕೂತಳು, ದಿನಾ ಕೂರುವ ಹಾಗೆಯೇ ಮಂಡಿಯೂರಿ, ದೊರೆಸಾನಿಯ ತಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡಳು, ಹೆಬ್ಬೆರಳಿನಿಂದ ಹಣೆ ಸವರಿದಳು. ನಾನು ಹೇಳಿದೆ, ಮುದ್ದಿ ನಿಂಗೆ ಗೊತ್ತಲ್ಲ, ಅವಳು ಒಂದಕ್ಕೆ ಹತ್ತು — ಮುದ್ದಿ ಒಬ್ಳೇ ಅಲ್ಲ, ಎಂದಳು ಸರೋಜ, ಎಲ್ರೂ ಹೇಳಿದ್ರು, ನಗಾಡ್ಕೊಂಡು ಹೇಳಿದ್ರು, ನಂಗೆ ಗೊತ್ತುಟ್ಟು ಅಂತಲೇ ಅವ್ರು ಎಣಿಸಿದ್ದು, ನಾನೂ ನಗಾಡಿದೆ. ಹನಿ ಬಿತ್ತು. ಎಷ್ಟು ದಿನ ಕೊಟ್ರಿ? ಐದು. ಈ ಒಂದು ನಂಬರು ಏರಲೂ ಇಲ್ಲ, ಇಳಿಯಲೂ ಇಲ್ಲ, ಐದೇ ಆಗಿ ಬಾಯಿಂದ ಬಿತ್ತು. ಬಯ್ಯುತ್ತಾಳೆ, ಬಯ್ಯಲಿ, ಎದ್ದು ಹೋಗುತ್ತಾಳೆ, ಹೋಗಲಿ, ಅವಳು ಎರಡನ್ನೂ ಮಾಡಲಿಲ್ಲ, ಸಣ್ಣ ದನಿಯಲ್ಲಿ ಕೇಳಿದಳು, ಕಚ್ಚಿತಾ? ಯಾರ ಕೈಯನ್ನೂ ಬಾಯ ಹತ್ತಿರ ಬಿಡದ ಪ್ರಾಣಿ ಇದು, ಡಾಕ್ಟರ ಕೈಗವಸು ಹರಿದದ್ದು, ನಿಮ್ಗೆ ಕಚ್ಚಿತಾ? ಅವಳಿಗೆ ಅದೊಂದು ಬೇಕು, ಬೆಕ್ಕು ಬೇಡ ಎಂದಿತ್ತು, ಹಟ ಮಾಡಿತ್ತು ಎಂಬುದು ಬೇಕು. ಕೊಡಬಹುದು ನಾನು. ಕಚ್ಚಿತು ಸರೋಜ, ಮೂಳೆ ಕಾಣುವ ಹಾಗೆ ಕಚ್ಚಿತು, ಒಂಬತ್ತು ಹೊಲಿಗೆ, ನೋಡು ಇಲ್ಲಿ — ಹೊಲಿಗೆ ನಾಲಗೆಯ ತುದಿಯಲ್ಲಿದೆ, ಚಿರತೆಗಳು ಇವೆ, ಕಾಡುಹಂದಿ ಇದೆ, ಎಲ್ಲ ಸಾಲಾಗಿ ನಿಂತಿವೆ, ಒಂದೂ ಹೊರಗೆ ಬರುತ್ತಿಲ್ಲ, ಯಾಕೆಂದರೆ ಮೂರನೇ ದಿನ ನಾನು ಗೋಣಿ ಹಿಡಿದು ಸ್ಟೋರಿನ ಮೆಟ್ಟಿಲ ಮೇಲೆ ಕೂತಿದ್ದೆ, ಅಂಗೈಯಲ್ಲಿ ಅರ್ಧ ಮಾತ್ರೆ, ಕಣದ ಆ ತುದಿಯಿಂದ ಅದು ಮೂರು ಕಾಲಿನಲ್ಲಿ ತಾನಾಗಿ ನಡೆದು ಬಂತು, ಒಣಗಲು ಹರವಿದ ಕಾಫಿಯನ್ನು ದಾಟಿ ಬಂತು, ನನ್ನ ಮುಂದೆ ಕೂತಿತು, ಮುಖ ಎತ್ತಿ ನನ್ನನ್ನು ನೋಡಿತು, ಬಾಯಿ ತೆರೆಯಿತು, ಯಾರೂ ಅದುಮಲಿಲ್ಲ, ಯಾರೂ ಹಿಡಿಯಲಿಲ್ಲ, ತಾನಾಗಿ ತೆರೆಯಿತು, ನಸುಗೆಂಪು ನಾಲಗೆ, ಸಣ್ಣ ಬಿಳಿ ಹಲ್ಲು, ತೆರೆದ ಬಾಯಿ, ಕಾಯುತ್ತಿದೆ, ನಾನು ಕೈ ಚಾಚಬೇಕು ಎಂದು ಕಾಯುತ್ತಿದೆ, ತೆರೆದ ಬಾಯಿ