ಹೆಸರು ಬರೆಸಿದ ಕೊಡೆ

ಆ ಶನಿವಾರ ಬೆಳಗ್ಗೆ ಬೀಡಿ ಊರಿನಲ್ಲಿ ಜಿಟಿಜಿಟಿ ಮಳೆ. ಆಕಾಶ, ಹೊಲ, ರಸ್ತೆ ಎಲ್ಲಕ್ಕೂ ಶಿವ ಒಮ್ಮೆಲೇ ವಿಭೂತಿ ಬಳಿದಂತಿತ್ತು. ದುಂಡಪ್ಪ ಕೊಡೆ ಬಿಚ್ಚಿ ಬಸ್ಸಿಗೆ ನಡೆದ. ಕೊಡೆಯ ಕಪ್ಪು ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ‘ದುಂಡಪ್ಪ, ಬೀಡಿ’ ಎಂದು ದೊಡ್ಡದಾಗಿ ಬರೆಸಿದ್ದ. ಖಾನಾಪುರ ಸೀಮೆಯ ಮಳೆಗಾಲದಲ್ಲಿ ಹೆಸರಿಲ್ಲದ ಕೊಡೆ ಒಡೆಯನ ಕೈಯಲ್ಲಿ ಬಹಳ ದಿನ ಉಳಿಯುವುದಿಲ್ಲ.

ಅದು ಎಂಬತ್ಮೂರರ ಆಷಾಢ. ಅವನು ಹೊರಟಿದ್ದು ಬೆಳಗಾವಿಗೆ, ಕುಡಿತ ಬಿಡುವವರ ಕೂಟಕ್ಕೆ. ಹಿಂದಿನ ತಿಂಗಳು ಮಗಳು ಕಾಂತಾಳನ್ನು ತನ್ನ ಮಗನಿಗೆ ನೋಡಲು ಸಾಂಬ್ರಾದಿಂದ ಬಂಡೆಪ್ಪ ಬಂದಿದ್ದ. ಹುಡುಗಿ ಮನಸ್ಸಿಗೆ ಬಂದಳು. ಅವಲಕ್ಕಿಯ ತಾಟು ಕೆಳಗಿಟ್ಟು ಆತ ಒಂದೇ ಮಾತು ಹೇಳಿದ: “ನಮ್ಮ ಮನ್ಯಾಗ ಸೆರೆ ಸಿಂದಿ ಅನ್ನೂದು ಹೊಸ್ತಿಲಾ ದಾಟಿಲ್ರಿ. ಬೀಗರ ಮನಿನೂ ಹಂಗ ಇರಬೇಕು.”

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇದ್ದ ದುಂಡಪ್ಪ “ಶಿವ ಶಿವಾ, ನಮಗ್ಯಾಕ್ರಿ ಅದು” ಎಂದುಬಿಟ್ಟ.

ಅವರು ಹೋದ ಮೇಲೆ ಹೆಂಡತಿ ಚಂದ್ರವ್ವ ಎದುರು ಬಂದು ಕುಳಿತಳು. ಅಳಲಿಲ್ಲ, ಬಯ್ಯಲೂ ಇಲ್ಲ. “ಮಂದಿ ಮುಂದ ಸುಳ್ಳ ಹೇಳೀರಿ. ಆತು. ಶ್ರಾವಣದಾಗ ನಿಶ್ಚಯ. ಅಷ್ಟರಾಗ ಅದನ್ನ ಖರೇ ಮಾಡ್ರಿ.”

ಬೆಳಗಾವಿಯ ನೆಹರು ನಗರದ ದವಾಖಾನೆಯ ಡಾಕ್ಟರು, ಅಲ್ಲಿನ ಕ್ಯಾಂಪ್ ಬಡಾವಣೆಯಲ್ಲಿ ಶನಿವಾರ ಅಂಥವರು ಕೂಡುತ್ತಾರೆ, ಹೋಗಿ ಕೂತು ಬಾ ಎಂದಿದ್ದರು. ಎಲ್ಲಿ ಎಂದು ಕೇಳಲು ದುಂಡಪ್ಪನಿಗೆ ನಾಚಿಕೆ. ಬಸ್ಸಿಳಿದ ಮೇಲೂ ‘ಬಿಡುವವರು’ ಎನ್ನಲು ಬಾಯಿ ಬರದೆ, ಕುಡಿಯುವ ಮಂದಿ ಕೂಡುವ ಜಾಗ ಯಾವುದೆಂದು ಟಾಂಗಾದವನನ್ನು ಕೇಳಿದ. ಆತ ಆದರದಿಂದ ಕರೆತಂದು ಬಾರಿನ ಮುಂದೆ ಇಳಿಸಿದ. ಬಾರಿನ ಮಾಲಕ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಬಂದು, ಅವನ ತಗ್ಗಿದ ದನಿ ಕೇಳಿ ಎಲ್ಲ ತಿಳಿದುಕೊಂಡ. “ಬಾಜೂ ಗಲ್ಲಿ, ಹಳೇ ಸಾಲಿ ಹಿಂದಿನ ಖೋಲಿ. ನಮ್ಮ ಚಲೋ ಚಲೋ ಗಿರಾಕಿ ಎಲ್ಲಾ ಈಗ ಅಲ್ಲೇ ಅದಾರ. ನಾ ಕೇಳೇನಂತ ಹೇಳ್ರಿ.”

ಖೋಲಿಯ ಬಾಗಿಲಲ್ಲಿ ಕೊಡೆಗಳು ಸಾಲಾಗಿ ಒರಗಿದ್ದವು. ಒಂದೊಂದರ ಮೇಲೂ ಕಪ್ಪು ಬಟ್ಟೆಯ ತೇಪೆ. ಪಾಪ, ಬಡವರು ಎಂದುಕೊಂಡು ತನ್ನದನ್ನೂ ಅವುಗಳ ನಡುವೆ ಇಟ್ಟ.

ಒಳಗೆ ಏಳೆಂಟು ಜನ, ಒಂದು ಚಹಾದ ಕಿಟ್ಲಿ. ಇಲ್ಲಿ ಬರಿಯ ಹೆಸರು ಸಾಕು, ಊರು ಮನೆತನ ಬೇಡ, ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗಬೇಕು ಎಂದು ಹಿರಿಯರೊಬ್ಬರು ತಿಳಿಸಿದರು. ಯಾವೂರು, ಯಾರ ಪೈಕಿ ಎಂದು ಕೇಳುವುದೇ ಮರ್ಯಾದೆ ಎಂದು ಬೆಳೆದ ದುಂಡಪ್ಪನಿಗೆ ಅಂಗಿ ಕಳಚಿ ಕೂತಂತಾಯಿತು. ತಲೆ ಎತ್ತದೆ, ತನ್ನ ಹೆಸರು ಈರಯ್ಯ ಎಂದ. ಯಾರೂ ಸಂಶಯಪಡಲಿಲ್ಲ. ಅದೇ ಅವನಿಗೆ ಚುಚ್ಚಿತು.

ಆಗ ಕಿಟಕಿಯ ಹತ್ತಿರ ಒಬ್ಬ ಎದ್ದು ನಿಂತ. “ನಾ ಬಂಡೆಪ್ಪ. ನಾನೂ ಕುಡುಕನ.”

ಅವಲಕ್ಕಿಯ ದಿನ ಕೇಳಿದ ಅದೇ ದನಿ. ಆತ ನೆಲ ನೋಡುತ್ತ, ಮನೆಯವರಿಗೆ ತೋರಿಸದೆ ಕುಡಿದ ಕಾಲವನ್ನು ಹೇಳತೊಡಗಿದ. ದುಂಡಪ್ಪ ಟವಲು ಮುಖಕ್ಕೆಳೆದುಕೊಂಡು ಹಿಂದಿನ ಬಾಗಿಲಿನಿಂದ ಜಾರಿದ. ಕೊಡೆ ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ನೀರು ಸೋರುತ್ತ ಕೂತವನಿಗೆ ಸಿಟ್ಟು. ಎಂಥ ಸುಳ್ಳ! ಹೊಸ್ತಿಲು ದಾಟಿಲ್ಲವಂತೆ, ಹೊರಗೇ ಕುಡಿದು ಒಳಗೆ ಬಂದಿರಬೇಕು. ನಂದಗಡ ದಾಟಿದ ಮೇಲೆಯೇ ಅವನಿಗೆ ತನ್ನ ವಿಭೂತಿ ನೆನಪಾದದ್ದು.

ಮನೆಯಲ್ಲಿ ಚಂದ್ರವ್ವ ಹತ್ತಿರ ಬಂದು ಉಸಿರು ನೋಡಿದಳು. ಬರೀ ಚಹಾ. ಕೊಡೆ ಎಲ್ಲಿ ಎಂದಾಗ ಬಸ್ಸಿನಲ್ಲಿ ಮರೆತೆ ಎಂದ. ಅವಳಿಗೆ ಈಗ ನಿಜವಾದ ಸಂಶಯ ಬಂತು. ಕುಡಿದು ಬರುತ್ತಿದ್ದ ಇಷ್ಟು ವರ್ಷದಲ್ಲಿ ಆತ ಒಮ್ಮೆಯೂ ಕೊಡೆ ಕಳೆದವನಲ್ಲ.

ಅಲ್ಲಿ ಈರಯ್ಯನೆಂದು ಹೇಳಿದ್ದೇನೋ ಸರಿ, ಆದರೆ ಬಾಗಿಲಲ್ಲಿ ಕೊಡೆ ಹೆಸರು ಊರು ಸಹಿತ ಸಾರುತ್ತ ನಿಂತಿದೆ. ಸಂಬಂಧ ಮುರಿದ ಸುದ್ದಿ ಇಂದೋ ನಾಳೆಯೋ ಬರುತ್ತದೆ. ಬಂದ ದಿನ ಹೊಟ್ಟೆ ತುಂಬ ಕುಡಿಯುವುದೆಂದು ಅವನು ನಿಶ್ಚಯಿಸಿದ. ಅದಕ್ಕಿಂತ ಮೊದಲು ಕುಡಿದರೆ, ಮುರಿದದ್ದು ತನ್ನಿಂದಲೇ ಎಂದಾದೀತು. ದಿನಾ ಪೂಜೆ ಮುಗಿಸಿ ರಸ್ತೆ ನೋಡುತ್ತ ಕೂರುತ್ತಿದ್ದ. ಯಾರೂ ಬರುತ್ತಿರಲಿಲ್ಲ. ನಾಳೆ ಬಂದೀತು ಎಂದುಕೊಂಡು ಬಾಯಿ ಒಣಗಿಸಿಕೊಂಡೇ ಮಲಗುತ್ತಿದ್ದ. ಹೀಗೆ ಆಷಾಢ ಕಳೆಯಿತು. ಶಿವ ಎಲ್ಲರನ್ನೂ ಭಕ್ತಿಯ ಮೂಲಕವೇ ಕಾಯಬೇಕೆಂದೇನಿಲ್ಲ.

ಶ್ರಾವಣದ ಒಂದು ಸೋಮವಾರ ಬಿಸಿಲು ಬಿತ್ತು. ಬಂಡೆಪ್ಪ ಹಿರಿಯರೊಡನೆ ಬಂದ. ದುಂಡಪ್ಪನಿಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ನಿಶ್ಚಯಕ್ಕೆ ಮೊದಲು ಆ ಹಿರಿಯರ ಪೈಕಿ ಅಜ್ಜ ಬಸಯ್ಯನವರು ವಾಡಿಕೆಯಂತೆ ಎರಡೂ ಕಡೆ ನೋಡಿ, ಚಟ ಗಿಟ ಏನೂ ಇಲ್ಲವಲ್ಲ ಎಂದು ಕೇಳಿದರು.

‘ಶಿವ ಶಿವಾ’ ದುಂಡಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬರಲಿಲ್ಲ.

“ಇವತ್ತ ಇಲ್ರಿ” ಎಂದ.

ಶ್ರಾವಣ ಸೋಮವಾರದ ಮಾತೆಂದು ಹಿರಿಯರು ನಕ್ಕರು. ಬಂಡೆಪ್ಪ ನಗಲಿಲ್ಲ. “ನಮ್ಮ ಕಡಿನೂ ಇವತ್ತ ಇಲ್ರಿ ಅಜ್ಜಾರ. ಮುಂದ ನಡಸ್ರಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಂದ್ರವ್ವ ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ನಿಶ್ಚಯದ ಸಕ್ಕರೆಯ ಬಟ್ಟಲು ಹೊರಗೆ ಕಳಿಸಿದಳು.

ಹೊರಡುವಾಗ ಬಂಡೆಪ್ಪ ಎಲ್ಲರಿಗಿಂತ ಹಿಂದೆ ಉಳಿದ. ಮೋಡದ ಸುಳಿವಿಲ್ಲದ ದಿನ ಆತನ ಕಂಕುಳಲ್ಲಿ ಎರಡು ಕೊಡೆ. ಒಂದರ ಮೇಲೆ ಬಿಸಿಲಿಗೆ ಮಾಸಿದ ಹಳೆಯ ತೇಪೆ. ಇನ್ನೊಂದರ ಮೇಲೆ, ದುಂಡಪ್ಪನ ಹೆಸರಿದ್ದ ಜಾಗದಲ್ಲಿ, ಹೊಸ ಕಪ್ಪು ಬಟ್ಟೆಯನ್ನು ಸಣ್ಣ ಹೊಲಿಗೆಯಲ್ಲಿ ಕೂಡಿಸಿತ್ತು. ಆತ ಹೊಸ್ತಿಲ ಮೇಲೆ ಚಪ್ಪಲಿ ಹುಡುಕುವವನಂತೆ ಬಗ್ಗಿ, ಯಾರಿಗೂ ಕಾಣದ ಹಾಗೆ, ಅದನ್ನು ಬೀಗನ ಕೈಗೆ ಕೊಟ್ಟ.