ಹನ್ನೆರಡನೆಯ ಬಾಟಲಿ

ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದಾಗಲೆಲ್ಲ ಆಕೆ ಒಳಗೆ ಹೆಜ್ಜೆಯಿಡದೆ ಒಂದು ಗಳಿಗೆ ಹೊರಗೇ ನಿಲ್ಲುತ್ತಿದ್ದಳು. ಹತ್ತೊಂಬತ್ತು ವರ್ಷ ಬಣ್ಣದ ಕಾರ್ಖಾನೆಯಲ್ಲಿ ದುಡಿದವಳು, ಅದರಲ್ಲಿ ಏಳು ವರ್ಷ ಪಾಳಿಯ ಮೇಲ್ವಿಚಾರಕಿ. ಯಂತ್ರಗಳ ಗದ್ದಲದ ನಡುವೆ ಐವತ್ತು ಜನಕ್ಕೆ ಕೇಳುವಂತೆ ಕೂಗುತ್ತಿದ್ದ ಗಂಟಲು ಈ ಹದಿನಾಲ್ಕು ಮೇಜುಗಳ ಮುಂದೆ ಬಾವಿಗೆ ಬಿದ್ದ ಕೊಡದಂತಾಗುತ್ತಿತ್ತು. ಅಲ್ಲಿ ಕುಳಿತವರೆಲ್ಲ ದೊಡ್ಡ ದೊಡ್ಡ ಪದವಿ ಪಡೆದವರು. ಆಕೆಯದು ಬರೀ ಡಿಪ್ಲೊಮಾ.

ಆಕೆಗೆ ಕಾಲೇಜು ಒಪ್ಪಿಸಿದ್ದ ಕೆಲಸ ಒಂದೇ. ಓದು ಮುಗಿಸಿದ ಮಕ್ಕಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಕ್ಕಾಬಿಕ್ಕಿಯಾಗಬಾರದು. ಅದಕ್ಕೆ ಬೇಕಾದ ರೂಢಿಗಳನ್ನು ಅಧ್ಯಾಪಕರು ತಮ್ಮ ತಮ್ಮ ಪಾಠದೊಳಗೇ ತರುವಂತೆ ನೆರವಾಗಬೇಕು. ವರ್ಷದ ಕೊನೆಯೊಳಗೆ ಮೂವರು ಅಧ್ಯಾಪಕರಾದರೂ ಒಪ್ಪದಿದ್ದರೆ ಹುದ್ದೆಯೇ ಇರುವುದಿಲ್ಲ ಎಂದು ಪ್ರಾಂಶುಪಾಲೆ ಮೊದಲೇ ಹೇಳಿದ್ದರು. ಮೂರು ತಿಂಗಳಲ್ಲಿ ಆಕೆಗೆ ದಕ್ಕಿದ್ದು ‘ಪಾಳಿಯಮ್ಮ’ ಎಂಬ ಅಡ್ಡಹೆಸರು ಮಾತ್ರ.

“ಊರಿಗೆ ಬಂದೋರು ನೀರಿಗೆ ಬರದೇ ಇರ್ತಾರಾ? ಇವತ್ತಲ್ಲ ನಾಳೆ ಒಬ್ರು ಬರ್ತಾರೆ ಬಿಡು,” ಎಂದು ಮನೆಯಲ್ಲಿ ಅತ್ತೆ ಸಮಾಧಾನ ಹೇಳುತ್ತಿದ್ದರು.

ಬಂದವರು, ಯಾರೂ ಎಣಿಸದ ರಸಾಯನಶಾಸ್ತ್ರದ ಮೇಷ್ಟ್ರು. ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದಂತೆ ತೂಗುವ ಅವರನ್ನು ಮಕ್ಕಳು ‘ತಕ್ಕಡಿ ಮೇಷ್ಟ್ರು’ ಎನ್ನುತ್ತಿದ್ದರು. ಒಂದು ಹನಿ ಹೆಚ್ಚು ಚೆಲ್ಲಿದರೂ ಅವರ ಬೈಗುಳ ಪಕ್ಕದ ಕಟ್ಟಡಕ್ಕೆ ಕೇಳುತ್ತಿತ್ತು.

“ನೋಡಿಮ್ಮಾ,” ಎಂದರು ಅವರು, ಕನ್ನಡಕ ಒರೆಸುತ್ತಾ. “ನನ್ನ ಹಳೇ ವಿದ್ಯಾರ್ಥಿಯೊಬ್ಬ ಬಂದಿದ್ದ. ಕೆಲಸಕ್ಕೆ ಸೇರಿ ಆರೇ ವಾರಕ್ಕೆ ತೆಗೆದುಹಾಕಿದರಂತೆ. ಲೆಕ್ಕದಲ್ಲಿ, ಪ್ರಯೋಗದಲ್ಲಿ ಅವನೇ ಮೊದಲು. ಆದ್ರೆ ಏನು ತಪ್ಪಾದ್ರೂ ಬಾಯಿ ಬಿಡ್ತಿರ್ಲಿಲ್ವಂತೆ. ಅದನ್ನ ನಾನು ಹೇಗೆ ಕಲಿಸ್ಲಿ?”

“ಬೇರೆ ಪಾಠ ಬೇಡ ಸಾರ್. ನಿಮ್ಮ ಪ್ರಯೋಗಾಲಯದಲ್ಲೇ ಅದಿದೆ,” ಎಂದಳು ಆಕೆ. “ಬೆಳಗಿನ ತಂಡ ಹೋಗೋ ಮುಂಚೆ ಮಧ್ಯಾಹ್ನದ ತಂಡಕ್ಕೆ ಒಪ್ಪಿಸಿ ಹೋಗ್ಲಿ, ಕಾರ್ಖಾನೆಯ ಪಾಳಿ ಥರ. ಯಾವುದು ಒಡೆದಿದೆ, ಯಾವುದು ಸೋರ್ತಿದೆ, ನಾವೇನು ಎಡವಟ್ಟು ಮಾಡಿದ್ವಿ, ಇಷ್ಟು. ಚೆನ್ನಾಗಿರೋದನ್ನ ಆಮೇಲೆ ಹೇಳಿದ್ರೂ ನಡೆಯುತ್ತೆ.”

ಎಡವಟ್ಟನ್ನೇ ಮೊದಲು ಹೇಳಬೇಕೆಂದು ಆಕೆ ಒತ್ತಿ ಹೇಳಿದ್ದಳು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ತೊಟ್ಟಿಯೊಂದರ ತಿರುಪನ್ನು ಬಿಗಿಯದೆ ಆಕೆಯೇ ಮರೆತಿದ್ದಳು. ಪಾಳಿ ಒಪ್ಪಿಸುವಾಗ ನೆನಪಾಯಿತು. ಹೇಳಲು ನಾಚಿಕೆಯಾಗಿ “ಎಲ್ಲಾ ಸರಿ ಇದೆ” ಎಂದು ಹೊರಟುಬಿಟ್ಟಳು. ಅರ್ಧ ಗಂಟೆಯಲ್ಲಿ ಆಸಿಡ್ ಸೋರಿ, ತಂಗಿ ಎಂದೇ ಕರೆಯುತ್ತಿದ್ದ ಸಹೋದ್ಯೋಗಿಯ ಬಲಗೈ ಮೊಣಕೈವರೆಗೆ ಸುಟ್ಟಿತು. ತಿರುಪು ಹಳೆಯದಾಗಿತ್ತು ಎಂದು ತನಿಖೆ ಮುಗಿಯಿತು. ಆಕೆ ತುಟಿ ಬಿಚ್ಚಲಿಲ್ಲ.

ಮೇಷ್ಟ್ರು ಒಪ್ಪಿ ಶುರುಮಾಡಿದ ಮೂರನೆಯ ವಾರ ಒಪ್ಪಿಸುವ ಸರದಿ ಹಿಂದಿನ ಬೆಂಚಿನ ಹುಡುಗಿಯದಾಗಿತ್ತು. ಅವಳ ಮಾತು ಪಕ್ಕದವಳಿಗೂ ಕೇಳುತ್ತಿರಲಿಲ್ಲವಾದ್ದರಿಂದ ಗೆಳತಿಯರು ಅವಳನ್ನು ‘ಪಿಸುಮಾತು’ ಎಂದು ಕರೆಯುತ್ತಿದ್ದರು. ಮಧ್ಯಾಹ್ನದ ತಂಡದ ಇಪ್ಪತ್ತೆಂಟು ಮಂದಿ ಬಂದು ಸಾಲಾಗಿ ನಿಂತರು. ಹುಡುಗಿ ಎದುರು ನಿಂತು, ಕೈಯಲ್ಲಿದ್ದ ಹಾಳೆಯನ್ನು ಮಡಚಿ ಬಿಚ್ಚಿ, ಮೇಷ್ಟ್ರ ಮುಖ ನೋಡಿದಳು.

“ಎಲ್ಲಾ... ಎಲ್ಲಾ ಸರಿ ಇದೆ.”

ಬಾಗಿಲ ಬಳಿ ನಿಂತಿದ್ದ ಪಾಳಿಯಮ್ಮ ತಟ್ಟನೆ ತಲೆಯೆತ್ತಿದಳು. ಆ ಮೂರು ಮಾತು, ಆ ತಡವರಿಕೆ ಎಲ್ಲವೂ ತನ್ನವೇ. ಕೇಳಬೇಕೆಂದು ಬಾಯಿ ತೆರೆದಳು. ಮೇಷ್ಟ್ರು ಆಗಲೇ “ಸರಿ, ಶುರು ಮಾಡಿ” ಎಂದುಬಿಟ್ಟಿದ್ದರು. ಅಷ್ಟು ಜನರ ಮುಂದೆ ಅವರನ್ನು ತಡೆದರೆ ಏನೆಂದುಕೊಳ್ಳುತ್ತಾರೋ ಎಂದು ಆಕೆ ಬಾಯಿ ಮುಚ್ಚಿದಳು.

ಹತ್ತು ನಿಮಿಷವೂ ಆಗಿರಲಿಲ್ಲ. ಪಡಸಾಲೆಯ ಉದ್ದಕ್ಕೂ ಚಪ್ಪಲಿ ಬಡಿಯುತ್ತಾ ಯಾರೋ ಓಡಿಬಂದರು. ಪಿಸುಮಾತು. ಬಸ್ ನಿಲ್ದಾಣದವರೆಗೆ ಹೋಗಿ ಮರಳಿ ಓಡಿಬಂದಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಮೇಡಂ, ಆಸಿಡ್... ಗಾಜಿನ ಸೀಸೆ ಬಿರುಕು ಬಿಟ್ಟಿತ್ತು. ಚೆಲ್ಲಿದ್ರೆ ಸಾರ್ ಬೈತಾರೆ ಅಂತ ಉಳಿದಿದ್ದನ್ನ ತೊಳೆಯೋ ನೀರಿನ ಖಾಲಿ ಬಾಟಲಿಗೆ ಹಾಕಿಟ್ಟೆ. ಚೀಟಿ ಅಂಟಿಸೋಣ ಅಂದ್ಕೊಂಡೆ, ಅಷ್ಟರಲ್ಲಿ ಗಂಟೆ ಹೊಡೀತು.”

“ಎಷ್ಟು ಗಟ್ಟಿದು?”

“ನೀರು ಬೆರೆಸಿರಲಿಲ್ಲ ಮೇಡಂ.”

ಪಾಳಿಯಮ್ಮ ಪ್ರಯೋಗಾಲಯದೊಳಗೆ ಕಣ್ಣು ಹಾಯಿಸಿದಳು. ಮೇಜುಗಳಿಗೆಲ್ಲ ಕೊಟ್ಟಿದ್ದು, ಒತ್ತಿದರೆ ಚಿಮ್ಮುವ ಹನ್ನೆರಡು ಬಿಳಿ ಪ್ಲಾಸ್ಟಿಕ್ ಬಾಟಲಿಗಳು. ಅವಳಿಜವಳಿಗಳ ಹಾಗೆ ಒಂದಕ್ಕೊಂದು ವ್ಯತ್ಯಾಸವಿಲ್ಲ. ಎಲ್ಲರ ಕೈಯೂ ಅವುಗಳತ್ತ ಹೋಗಿಬರುತ್ತಿತ್ತು.

ಆಗ ಗಂಟಲು ಬಾವಿಯಿಂದ ಮೇಲೆದ್ದಿತು. ಕಾರ್ಖಾನೆಯ ಕೂಗು.

“ನಿಲ್ಲಿ! ಯಾರೂ ಬಾಟಲಿ ಮುಟ್ಟಬೇಡಿ! ಕೈ ಮೇಲೆತ್ತಿ!”

ಒಳಗಿದ್ದವರೆಲ್ಲ ಕಲ್ಲಾದರು. ತಕ್ಕಡಿ ಮೇಷ್ಟ್ರು ಕೆರಳಿ ತಿರುಗಿದರು, ಹುಡುಗಿಯ ಮುಖ ನೋಡಿದರು, ಒಂದೇ ಮಾತಿನಲ್ಲಿ ವಿಷಯ ತಿಳಿದುಕೊಂಡರು. ಆಸಿಡ್ ಗುರುತಿಸುವ ಲಿಟ್ಮಸ್ ಕಾಗದದ ಡಬ್ಬಿಯನ್ನು ಅವಸರದಲ್ಲಿ ತೆರೆದಾಗ ಅರ್ಧ ಕಾಗದಗಳು ನೆಲಕ್ಕೆ ಬಿದ್ದವು. ಮೊದಲನೆಯ ಬಾಟಲಿಯಿಂದ ಒಂದು ಹನಿ: ಕಾಗದ ಕೆಂಪಾಗದೆ ನೀಲಿಯಾಗಿಯೇ ಉಳಿಯಿತು, ಆಸಿಡ್ ಅಲ್ಲ. ಎರಡನೆಯದು, ನೀಲಿ. ಐದನೆಯದು, ಎಂಟನೆಯದು. ಹನ್ನೊಂದನೆಯದೂ ನೀಲಿ.

“ಇನ್ನೊಂದೆಲ್ಲಿ?” ಎಂದರು ಮೇಷ್ಟ್ರು. ಅವರ ದನಿಯೇ ಪಿಸುಮಾತಾಗಿತ್ತು.

ಮೂಲೆಯ ಒಬ್ಬಳು ಎತ್ತಿದ ಕೈ ಇಳಿಸದೆಯೇ ಹೇಳಿದಳು: “ಸಾರ್, ನನ್ನ ಜೊತೆಯವಳ ಕಣ್ಣಿಗೆ ಏನೋ ಕಸ ಬಿತ್ತು. ಬೆಳಕಿನ ಹತ್ರ ಬಾಟಲಿ ನೀರಲ್ಲಿ ತೊಳ್ಕೊಂಡು ಬರ್ತೀವಿ ಅಂತ ಇಬ್ರು ಹಿಂಬಾಗಿಲಿಂದ ಹೊರಗೆ...”

ಆ ಮಾತು ಮುಗಿಯುವುದನ್ನು ಪಾಳಿಯಮ್ಮ ಕೇಳಲಿಲ್ಲ. ಓಡಿದಳು. ಐವತ್ತರ ಮಂಡಿ, ನಯವಾದ ನೆಲ, ಕಿವಿಯಲ್ಲಿ ತನ್ನದೇ ರಕ್ತದ ಸದ್ದು. ಕಣ್ಣು, ಕಣ್ಣು ಎಂದಷ್ಟೇ ತಲೆಯೊಳಗೆ. ಹಿಂದೆ ಮೇಷ್ಟ್ರ ಬೂಟು ಬಡಿಯುತ್ತಿತ್ತು. ಪಡಸಾಲೆಯ ತಿರುವು ದಾಟಿದಾಗ ಕಂಡಿತು: ಕಿಟಕಿಯ ಬೆಳಕಿಗೆ ಮುಖವೊಡ್ಡಿ, ತಲೆ ಹಿಂದಕ್ಕೆ ಬಾಗಿಸಿ, ಎರಡು ಬೆರಳಿಂದ ರೆಪ್ಪೆ ಅಗಲಿಸಿ ಹಿಡಿದ ಒಬ್ಬಳು, ಅವಳ ಕಣ್ಣಿಗೆ ಗೇಣು ದೂರದಲ್ಲಿ ಬಾಟಲಿಯ ಮೂತಿ ಹಿಡಿದ ಇನ್ನೊಬ್ಬಳು.

“ಬೇಡಾ!”

ಹುಡುಗಿ ಬೆಚ್ಚಿಬಿದ್ದಳು. ಬೆಚ್ಚಿದ ಕೈ ಬಾಟಲಿಯನ್ನು ಹಿಸುಕಿತು. ಚಿಮ್ಮಿದ ಧಾರೆ ಗೆಳತಿಯ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಒಂದಷ್ಟು ಅವಳದೇ ಬೆರಳುಗಳ ಮೇಲೆ ಇಳಿಯಿತು. ಅವಳು ಕಿರುಚಿದಳು.

ಪಾಳಿಯಮ್ಮ ಆ ಕೈಯನ್ನು ಪಡಸಾಲೆಯ ಕೊನೆಯ ನಲ್ಲಿಯ ಕೆಳಗೆ ಹಿಡಿದಳು. ಹಿಡಿದೇ ಇದ್ದಳು. “ತೆಗೀಬೇಡ ಕಂದಾ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ,” ಎನ್ನುತ್ತಾ ಇಪ್ಪತ್ತು ನಿಮಿಷ ನೀರು ಬಿಟ್ಟಳು. ಇನ್ನೊಬ್ಬಳ ಮುಖ, ಕಿವಿ, ಕೂದಲನ್ನು ಮೇಷ್ಟ್ರು ಪಕ್ಕದ ನಲ್ಲಿಯಲ್ಲಿ ತೊಳೆಸಿದರು. ಬಾಟಲಿ ಹಿಡಿದಿದ್ದವಳ ಮೂರು ಬೆರಳು ಕೆಂಪೇರಿ ಊದಿಕೊಂಡಿದ್ದವು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯೆ ಮುಲಾಮು ಹಚ್ಚಿ, ವಾರದಲ್ಲಿ ಮಾಯುತ್ತದೆ ಎಂದರು. ಗೆಳತಿಯ ಕಣ್ಣಿಗೆ ಏನೂ ಆಗಿರಲಿಲ್ಲ.

ಮರುದಿನ ಪ್ರಾಂಶುಪಾಲೆಯ ಕೊಠಡಿಯಲ್ಲಿ ಪಾಳಿಯಮ್ಮ, ಮೇಷ್ಟ್ರು, ಹುಡುಗಿ ಮೂವರೂ ನಿಂತಿದ್ದರು. ಪಿಸುಮಾತು ದುಪಟ್ಟಾದ ಅಂಚನ್ನು ಹಿಂಡುತ್ತಿದ್ದಳು.

“ಈ ಒಪ್ಪಿಸೋ ಆಟದಿಂದ ತಾನೇ ಇಷ್ಟೆಲ್ಲ ಆಗಿದ್ದು?” ಎಂದರು ಪ್ರಾಂಶುಪಾಲೆ. “ಹುಡುಗೀನ ಒಂದು ವರ್ಷ ಹೊರಗಿಡಬೇಕಾಗುತ್ತೆ. ನಿಮ್ಮ ಹುದ್ದೆ ಬಗ್ಗೆಯೂ ಯೋಚಿಸ್ಬೇಕು.”

ಪಾಳಿಯಮ್ಮ ಹುಡುಗಿಯತ್ತ ನೋಡಿದಳು. ಸುಮ್ಮನಿದ್ದರೆ ಹುದ್ದೆ ಉಳಿದರೂ ಉಳಿದೀತು. ಆದರೆ ತಪ್ಪೆಲ್ಲ ಹುಡುಗಿಯ ತಲೆಗೆ ಬರುತ್ತದೆ. ಹನ್ನೊಂದು ವರ್ಷದ ಹಿಂದೆಯೂ ಹೀಗೇ ಒಂದು ಮೇಜಿನ ಮುಂದೆ ನಿಂತು ಸುಮ್ಮನಿದ್ದಳು.

“ಮೇಡಂ, ಇವಳು ವಾಪಸ್ ಬಂದ್ಲು,” ಎಂದಳು. “ನಾನು ಬಂದಿರ್ಲಿಲ್ಲ.” ತಿರುಪಿನ ಕಥೆಯನ್ನು, ಸುಟ್ಟ ಕೈಯನ್ನು, ತನಿಖೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. “ನಿನ್ನೆ ಇವಳ ಮುಖ ನೋಡಿದಾಗ್ಲೇ ನಂಗೆ ಅನುಮಾನ ಬಂತು. ಕೇಳೋಕೆ ಹೆದರಿದೆ. ಮೊದಲು ನನ್ನ ಬೈರಿ.”

ತಕ್ಕಡಿ ಮೇಷ್ಟ್ರು ಕನ್ನಡಕ ತೆಗೆದರು.

“ಒಂದು ಸೀಸೆ ಒಡೆದಿದೆ ಅನ್ನೋಕೆ ಇವಳು ಹೆದರಿದ್ದು ಯಾರಿಗೆ ಮೇಡಂ? ನನಗೆ. ಇಪ್ಪತ್ತೆರಡು ವರ್ಷದಿಂದ ಹೀಗೇ ಹೆದರಿಸ್ತಾ ಬಂದೆ. ಕೆಲಸ ಕಳ್ಕೊಂಡ ನನ್ನ ಹಳೇ ವಿದ್ಯಾರ್ಥಿ ಯಾಕೆ ಬಾಯಿ ಬಿಡ್ತಿರ್ಲಿಲ್ಲ ಅಂತ ಈಗ ಗೊತ್ತಾಗ್ತಿದೆ.”

ಪ್ರಾಂಶುಪಾಲೆ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಹುಡುಗಿಯನ್ನು ಹೊರಗಿಡಲಿಲ್ಲ. ಪ್ರಯೋಗಾಲಯ ಹತ್ತು ದಿನ ಮುಚ್ಚಿತು. ಬಾಟಲಿಗಳಿಗೆಲ್ಲ ಬಣ್ಣದ ಪಟ್ಟಿ ಬಂತು, ತಪ್ಪನ್ನು ತಾನಾಗಿ ಹೇಳಿದವರನ್ನು ಬೈಯಬಾರದೆಂಬ ನಿಯಮ ಬಂತು. ಪಾಳಿಯಮ್ಮನ ಹುದ್ದೆಯನ್ನು ಇನ್ನೊಂದು ವರ್ಷ ಮುಂದುವರಿಸಿದರು. ‘ನೋಡೋಣ’ ಎಂಬ ಮಾತನ್ನೂ ಸೇರಿಸಿದರು.

ಹನ್ನೊಂದನೆಯ ದಿನ ಮೊದಲು ಒಪ್ಪಿಸಿದವರು ಮೇಷ್ಟ್ರೇ. ಎರಡೂ ತಂಡಗಳ ಮುಂದೆ ನಿಂತು, ತಮ್ಮ ಕಪಾಟಿನಲ್ಲಿ ಚೀಟಿಯಿಲ್ಲದ ನಾಲ್ಕು ಸೀಸೆಗಳಿದ್ದವೆಂದೂ ಅವುಗಳಲ್ಲಿ ಏನಿದೆಯೆಂದು ತಮಗೇ ತಿಳಿಯದೆಂದೂ ಹೇಳಿದರು. ಹೇಳುವಾಗ ಅವರ ಕಿವಿ ಕೆಂಪಾಗಿತ್ತು. ಯಾರೂ ನಗಲಿಲ್ಲ.