ಒಂಬತ್ತು ಚದರ ಮೀಟರು

"ಇದನ್ನ ಮನೆ ಅಂತೀಯೇನೇ ಮುಂಡೆ? ನಮ್ಮ ಧಣಿ ನಾಯೂ ಇದ್ರಾಗೆ ಕಾಲು ಚಾಚಾಕಿಲ್ಲ," ಅಂದ ಮೇಸ್ತ್ರಿ ರಾಮಿರೊ.

ಯೊಲೆತ್ ಕಬ್ಬು ಕಡಿದು ಆಗಷ್ಟೇ ಬಂದಿದ್ದಳು. ಮಚ್ಚು ಇನ್ನೂ ಕೈಯಲ್ಲಿತ್ತು, ಮೈತುಂಬ ಸುಟ್ಟ ಕಬ್ಬಿನ ಮಸಿ. ಅವಳ ಬಾಗಿಲಲ್ಲಿ, ಅವಳದೇ ಕುರ್ಚಿಯಲ್ಲಿ, ರಾಜಧಾನಿ ಸಾಂತೊ ದೊಮಿಂಗೊದಿಂದ ಬಂದ ನಕ್ಷೆಯ ಅಧಿಕಾರಿ ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಪರದೆಯಲ್ಲಿ ಆಕಾಶದಿಂದ ತೆಗೆದ ಚಿತ್ರ. ಕಬ್ಬಿನ ಹಸಿರಿನ ನಡುವೆ ಕೂಲಿ ಲೈನಿನ ತುಕ್ಕು ತಗಡುಗಳು. ಹೈತಿಯಿಂದ ಬಂದ ಅಜ್ಜಂದಿರ ಕಾಲದಿಂದ ಅವಳ ಜನ ಆ ತಗಡುಗಳ ಕೆಳಗೇ ಹುಟ್ಟಿ ಅಲ್ಲೇ ಸತ್ತಿದ್ದರು. ಈಗ ಕಂಪನಿ ಲೈನನ್ನೇ ಕೆಡವುತ್ತದೆಯಂತೆ. ನಕ್ಷೆಯಲ್ಲಿ ಮನೆ ಇದ್ದವರಿಗೆ ಮಾತ್ರ ಹೊಸ ಕಾಲೋನಿಯಲ್ಲಿ ಜಾಗ.

ಅಧಿಕಾರಿ ಅವಳ ತಗಡಿನ ಸುತ್ತ ಗೆರೆ ಎಳೆದ. ಗೆರೆ ಕೂಡಿದ್ದೇ ತಡ, ನೆಲದ ಮೇಲಿನ ನಿಜವಾದ ಅಳತೆ ನಡುವೆ ಮೂಡಿತು: ಒಂಬತ್ತು ಚದರ ಮೀಟರು. ಹನ್ನೆರಡಕ್ಕಿಂತ ಕಮ್ಮಿ ಇದ್ದರೆ ಅದು ಮನೆಯಲ್ಲ, ಗುಡಿಸಲೂ ಅಲ್ಲ, ಬರೀ ಕೊಟ್ಟಿಗೆ ಎಂದು ಬೇಸತ್ತವನಂತೆ ವಿವರಿಸಿದ. ಕಣ್ಣಿಲ್ಲದ ಅವ್ವನನ್ನು ಎಲ್ಲಿಡಲಿ ಎಂದು ಯೊಲೆತ್ ಕೇಳಿದಳು. ಅದು ತನ್ನ ಇಲಾಖೆಯ ಪ್ರಶ್ನೆಯಲ್ಲ ಅಂದವನೇ ಒಂದು ಗುಂಡಿ ಒತ್ತಿದ. ಗೆರೆಗಳು ಅಳಿಸಿಹೋದವು.

ಯೊಲೆತ್ ಪರದೆಯಲ್ಲಿ ಬೇಲಿಯಾಚೆಯ ಬಿಳಿ ಸೂರಿನ ಮೇಲೆ ಮಸಿಬೆರಳಿಟ್ಟಳು. "ಇದರದ್ದು?"

ಅಧಿಕಾರಿ ಅಭ್ಯಾಸಬಲದಿಂದ ಗೆರೆ ಎಳೆದೇಬಿಟ್ಟ. ಇನ್ನೂರ ನಲವತ್ತು. ರಾಮಿರೊ ಬಗ್ಗಿ, ಅವನ ಬೆರಳು ಸಿಕ್ಕಿಕೊಳ್ಳುವಂತೆ ಕಂಪ್ಯೂಟರ್ ಮುಚ್ಚಿದ. "ಅದು ಧಣಿಗಳ ಕುದ್ರೆ ಲಾಯ ಕಣೇ. ಕಣ್ ಹಾಕ್ಬ್ಯಾಡ."

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಹಚ್ಚುವಳು, ಆರಿಸುವಳು. ಅವ್ವನಿಗೆ ಗಂಜಿ ಕೊಟ್ಟು ಮತ್ತೆ ಬಾಗಿಲಿಗೆ ಬರುವಳು. ಪಕ್ಕದ ಕೋಣೆಯ ಮಾರ್ಸೆಲಿನಳಿಗೂ ಹಾಗೇ ಆಗಿತ್ತು, ಅದರಾಚೆಯವಳಿಗೂ ಹಾಗೇ. ನಕ್ಷೆಯಲ್ಲಿ ಲೈನಿನ ಒಂದೇ ಒಂದು ಮನೆಯೂ ಉಳಿದಿರಲಿಲ್ಲ.

ಕೆಡವುವ ಯಂತ್ರ ಬಂದು ನಿಂತ ಬೆಳಿಗ್ಗೆ ಯೊಲೆತ್ ಗದ್ದೆಗೆ ಹೋಗಲಿಲ್ಲ. ಅವ್ವನನ್ನು ಬೆನ್ನಿಗೆ ಕಟ್ಟಿಕೊಂಡು, ಇದ್ದಿಲ ಒಲೆ, ಮಚ್ಚು ಹಿಡಿದು, ಬೇಲಿಯತ್ತ ನಡೆದಳು. ಮಾರ್ಸೆಲಿನ್ ಎಲ್ಲಿಗೆಂದು ಕೇಳಿದಳು. ಯೊಲೆತ್ ಹೇಳಿದ ಮೇಲೆ ತಾನೂ ಪಾತ್ರೆ ಎತ್ತಿಕೊಂಡಳು.

ಕಬ್ಬಿನ ಮಚ್ಚಿಗೆ ತಂತಿ ಬೇಲಿ ಯಾವ ಲೆಕ್ಕ.

ಲಾಯದೊಳಗೆ ಒಂದು ಕುದುರೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಒಣಹುಲ್ಲು ಮೆತ್ತಗಿತ್ತು. ಅವ್ವ ಗೋಡೆ ಸವರಿ, ಇಷ್ಟು ತಂಪಾಗಿದೆಯಲ್ಲ, ಯಾರ ಮನೆ ಅಂದಳು.

"ನಮ್ದೇ ಕಣವ್ವ. ಮನಿಕ್ಕೊ."

ರಾಮಿರೊ ಕೋವಿ ಹಿಡಿದು ಓಡಿಬಂದು ಬಾಗಿಲಲ್ಲಿ ನಿಂತ. "ಈಚೆಗೆ ಬತ್ತೀಯೋ, ಸುಡ್ಲೋ, ಬೇವರ್ಸಿ?"

ಯೊಲೆತ್ ಇದ್ದಿಲು ಊದುತ್ತಲೇ ಇದ್ದಳು. ಕೆಂಡ ಹತ್ತಿಕೊಂಡಿತು.

"ಸುಡು. ಮೊದ್ಲು ಆ ಕುದ್ರೆನ ಆಚೆಗೆ ಕಟ್ಟು, ಪಾಪ ಅದೇನ್ ಮಾಡೈತೆ."

ಅವನ ಬೆನ್ನ ಹಿಂದೆ, ಹರಿದ ಬೇಲಿಯ ಸಂದಿಯಲ್ಲಿ, ತಲೆಯ ಮೇಲೆ ಪಾತ್ರೆ ಹೊತ್ತ ಹೆಂಗಸರು ಇನ್ನೂ ಬರುತ್ತಲೇ ಇದ್ದರು.